ಅಡಿವೆವ್ವ ಬರೆದ ವಿಳಾಸ

ಮಾಸೂರಿನ ಅಡಿವೆವ್ವನಿಗೆ ನಲವತ್ತೆಂಟು ವರ್ಷ. ಕಂಡವರ ಗದ್ದೆಯಲ್ಲಿ ನಾಟಿ, ಕಳೆ; ಬಿಡುವಾದಾಗ ಹಳೆಯ ಸೀರೆ ಜೋಡಿಸಿ ಕೌದಿ ಹೊಲಿಯುವುದು. ಆಕೆಯ ಹೊಲಿಗೆ ಗೆರೆ ಎಳೆದಂತಿರುತ್ತದೆ. ಒಂದೆಡೆ ಓರೆಯಾದರೂ ಯಾರಿಗೂ ಹೇಳದೆ ಬಿಚ್ಚಿ ಮತ್ತೆ ಹಾಕುತ್ತಾಳೆ. ಕನ್ನಡ ಓದಲು ಕಲಿತದ್ದು ಮೂರು ವರ್ಷದ ಹಿಂದೆ, ಮಗಳು ಯಶೋಧರಾಳಿಂದ.

ನಾನು ಜಗದೀಶ. ಅಕ್ಕಿಆಲೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಜಾಣನೆಂದು ಹೆಸರು ಮಾಡಿದವನು. ಹಾನಗಲ್ಲಿನ ಒಂದು ಮಹಿಳಾ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಇಲ್ಲದ ಪುಟವನ್ನು ಯಾರಾದರೂ ತೆರೆದರೆ ಮೊದಲು ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಅದೇನು ತಿಳಿಯಬೇಕೆಂದು ನಾನೇ ದಪ್ಪ ಕನ್ನಡ ಅಕ್ಷರದಲ್ಲಿ ಬೇರೆ ಪುಟ ಮಾಡಿಟ್ಟೆ: ‘ನೀವು ವಿಳಾಸ ತಪ್ಪು ಬರೆದಿದ್ದೀರಿ. ಗಮನವಿಟ್ಟು ಮತ್ತೊಮ್ಮೆ ಬರೆಯಿರಿ.’ ನಾಲ್ಕು ಜನಕ್ಕೆ ತೋರಿಸಿ ಬೀಗಿದ್ದೂ ಉಂಟು. ತಪ್ಪು ಮಾಡುವವರು ಯಾವಾಗಲೂ ಬೇರೆಯವರೇ ಎಂಬ ಸೊಕ್ಕು ನನಗೆ.

ಈ ವರ್ಷ ಸಂಸ್ಥೆ ಕೌದಿ ಕಲಿಸಲು ಹನ್ನೆರಡು ಹೆಂಗಸರನ್ನು ಸಂಬಳಕ್ಕೆ ಆರಿಸಿತು. ಅರ್ಜಿ ಹಾಕಿದವರಿಗೆಲ್ಲ ಪಟ್ಟಿಯ ಪುಟದ ವಿಳಾಸವನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಟ್ಟಿತ್ತು. ಹೆಸರಿದ್ದವರು ಎಂಟು ದಿನದೊಳಗೆ ಬಂದು ಸಹಿ ಹಾಕಬೇಕು. ಅದೇ ವಾರ ನಾನು ವೆಬ್‌ಸೈಟ್ ಚೊಕ್ಕ ಮಾಡಲು ಹೋಗಿ ಆ ವಿಳಾಸ ಬದಲಿಸಿದೆ. ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸುವುದನ್ನು ಮರೆತೆ. ಅವರಿಗೆಲ್ಲ ಸಿಕ್ಕಿದ್ದು ನಾನು ಮಾಡಿಟ್ಟ ಕನ್ನಡ ಪುಟ. ಹತ್ತಿರದವರು ಸಂಸ್ಥೆಗೇ ಹೋಗಿ ಹೆಸರು ನೋಡಿಕೊಂಡು ಸಹಿ ಹಾಕಿದರಂತೆ.

ಹತ್ತನೆಯ ದಿನ ಅಡಿವೆವ್ವ ಎರಡು ಬಸ್ಸು ಬದಲಿಸಿ ನನ್ನ ಅಂಗಡಿಗೆ ಬಂದಳು. ಚೀಟಿಯ ಕೆಳಗೆ ಅಂಗಡಿಯ ಹೆಸರಿತ್ತು. ದೂರು ಹೇಳಲು ಬಂದದ್ದಲ್ಲ.

“ಎಲ್ಲಿ ತಪ್ಪಾಕತ್ತೇನಿ, ಒಂದೀಟು ತೋರಸ್ರಿ ಸರ,” ಎಂದು ಫೋನ್ ಮುಂದಿಟ್ಟಳು.

ಇಂಗ್ಲಿಷ್ ಬಾರದು. ಚೀಟಿಯ ಒಂದೊಂದು ಅಕ್ಷರದ ಆಕಾರವನ್ನೇ ಫೋನಿನಲ್ಲಿ ಹುಡುಕಿ ಒತ್ತಿದ್ದಳು. ದಿನಕ್ಕೆ ಏಳೆಂಟು ಸಲ, ಅಳಿಸಿ ಅಳಿಸಿ. ಇಷ್ಟೂ ಬರುವುದಿಲ್ಲವೇ ಎಂದಾಳೆಂಬ ನಾಚಿಕೆಗೆ ಮಗಳನ್ನೂ ಕೇಳಿರಲಿಲ್ಲ. ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ.

ಪಟ್ಟಿ ತೆರೆದರೆ ನಾಲ್ಕನೆಯ ಹೆಸರು ಆಕೆಯದೇ. ಸಂಸ್ಥೆಗೆ ಫೋನ್ ಹಚ್ಚಿ, ತಪ್ಪು ನನ್ನದೆಂದು ಬೇಡಿಕೊಂಡೆ. ಆ ಜಾಗಕ್ಕೆ ನಿನ್ನೆಯೇ ಬೇರೊಬ್ಬರು ಸಹಿ ಹಾಕಿದ್ದಾರೆ, ಇನ್ನು ಮುಂದಿನ ವರ್ಷವೇ ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

“ನೀವು ಸರಿನ ಬರದೀರಿ ಅಕ್ಕಾರ. ತಪ್ಪು ನಂದು.”

ಆಕೆ ಒಪ್ಪಲಿಲ್ಲ. ನನಗೇ ಸಮಾಧಾನ ಹೇಳುವಂತೆ ಮಾತಾಡಿದಳು.

“ಸಾಲಿ ಕಲತವ್ರು ನೀವು, ನಿಮ್ಮದ್ಹೆಂಗ ತಪ್ಪಾಗ್ತೈತ್ರಿ? ನಾನ ತಪ್ಪು ಬರದೇನಿ ಅಂತ ಕನ್ನಡದಾಗ ಬರದೈತಲ್ರಿ. ನಾನ ಓದೇನಿ.”

ಆಕೆ ಹೊಸ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಕೇಳಿದಳು. ಮುಂದಿನ ವರ್ಷ ತಪ್ಪಬಾರದು, ಇವತ್ತಿನಿಂದಲೇ ದಿನಾ ತಿದ್ದುತ್ತೇನೆ ಎಂದಳು.