ಖಾಲಿ ಬಟ್ಟಲಿನ ಕೆಲಸ

ಬಟ್ಟಲು ಖಾಲಿ ಇದ್ದರೆ ಕೆಲಸ ಉಂಟು, ತುಂಬಿದರೆ ಕೆಲಸ ಕೆಟ್ಟಿತು. ಎಂತ ಕೆಲಸ, ಹೇಳಿ? ನಿಮಗೆ ಗೊತ್ತಾಗ್ಲಿಕ್ಕಿಲ್ಲ, ನಾನೇ ಹೇಳ್ತೇನೆ. ಜಗತ್ತಿನ ಹಸಿವು ನಿಲ್ಲಿಸಿ ಅಂತ ವಿದೇಶದ ದೊಡ್ಡ ಸಭೆಗೆ ಕಳಿಸ್ಲಿಕ್ಕೆ, ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಜನರ ಕೈಗೆ ಖಾಲಿ ಬಟ್ಟಲು ಕೊಟ್ಟು ಫೋಟೋ ತೆಗೆಯುವುದು.

ಮಧ್ಯಾಹ್ನ ಮೀನು ಮಾರಿ ಬಂದ ಅಕ್ಕ ಒಬ್ಬರು ಬುತ್ತಿ ಬಿಚ್ಚಿದರು. ನನಗೆ ತಮಾಷೆ ಮಾಡುವ ಅಂತ ಆಯಿತು. ಹೊಟ್ಟೆ ಒಳಗೆಳೆದು, ಬಟ್ಟಲು ಒಡ್ಡಿ, "ಅಕ್ಕಾ, ನಿನ್ನೆಯಿಂದ ಎಂತ ಸಹ ತಿನ್ನಲಿಲ್ಲ" ಅಂದೆ.

ಅವರು ಅನ್ನ, ಬಂಗುಡೆ ಮೀನಿನ ಸಾರು ಎಲ್ಲ ನನ್ನ ಬಟ್ಟಲಿಗೆ ಸುರಿದೇಬಿಟ್ಟರು.

"ಅಯ್ಯೋ, ತಮಾಷೆಗೆ ಹೇಳಿದ್ದು ಅಕ್ಕಾ! ನನಗೆ ಹಸಿವೇ ಇಲ್ಲ."

"ಹಸಿದವರು ನಾಚಿಕೆಗೆ ಹೀಗೇ ಹೇಳುದು. ತಿನ್ನು ಮಾರಾಯ. ಉಣ್ಣುವವರ ಎದುರು ಬಟ್ಟಲು ಖಾಲಿ ಇರ್ಬಾರ್ದು."

ನನ್ನ ಹೊಟ್ಟೆಯಲ್ಲಿ ಆಗಲೇ ಬನ್ಸ್, ಗೋಳಿಬಜೆ ಎರಡೂ ಇದ್ದವು. ಅವರು ಎದುರೇ ಕುಳಿತು ನೋಡಿದರು. ತಲೆ ತಗ್ಗಿಸಿ ಅಷ್ಟನ್ನೂ ತಿಂದೆ. ಅವರ ಮಡಿಲಲ್ಲಿ ಖಾಲಿ ಬುತ್ತಿ. ಫೋಟೋ ತೆಗೆಯಲಿಕ್ಕೆ ಕೈ ಏಳಲಿಲ್ಲ.

ಆಮೇಲೆ ಓಡಿಹೋಗಿ ಬನ್ಸ್ ತಂದುಕೊಟ್ಟೆ, ಅಕ್ಕ ನಗುತ್ತಾ ತಿಂದರು. ಈ ಕೊನೆ ಮಾತ್ರ ನಾನು ಕಟ್ಟಿದ್ದು. ನಿಜದಲ್ಲಿ ಅವರು ನೀರು ಕುಡಿದು ಬಸ್ ಹತ್ತಿದರು.