ಅತ್ತೆಯ ಬದನೆ ಬೀಜಕ್ಕೆ ನಾನು ಮಾಡಿದ ಬಾಣಂತನ

ಸಸಿ ಮಾಡಲು ಬಳಸುವ ಕೊಕೊಪೀಟ್ ಇಟ್ಟಿಗೆಗೆ ನೀರು ಸುರಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ನೆನೆದ ತೆಂಗಿನ ನಾರಿನ ವಾಸನೆ. ಕೈತೋಟದ ಹುಚ್ಚಿರುವ ನನ್ನ ಗೆಳತಿಯರು ಅದನ್ನು ಮೂಸಿ, ಕಣ್ಣು ಮುಚ್ಚಿ ಆಹಾ ಎನ್ನುತ್ತಾರೆ. ನನಗೆ ಮಾತ್ರ ಅದು ಪರೀಕ್ಷಾ ಕೊಠಡಿಯ ವಾಸನೆ. ಇವತ್ತು ಬೆಳಿಗ್ಗೆ ಚನ್ನರಾಯಪಟ್ಟಣದಿಂದ ತರಿಸಿದ ಹೊಸ ಇಟ್ಟಿಗೆಯನ್ನು ಬಕೆಟ್ಟಿನಲ್ಲಿಟ್ಟು ನೀರು ಬಿಟ್ಟೆ. ಅದು ಉಬ್ಬುತ್ತಾ ಬಂದಂತೆ ನನ್ನ ಎದೆಬಡಿತವೂ ಏರಿತು. ಪರೀಕ್ಷೆ ಬರೆದು ಮೂವತ್ತು ವರ್ಷವಾದ ಹೆಂಗಸಿಗೆ ಇದು ಶೋಭೆಯಲ್ಲ, ಒಪ್ಪುತ್ತೇನೆ. ಕಾರಣ ಕೇಳಿದರೆ ನೀವು ಕ್ಷಮಿಸುತ್ತೀರಿ.

ರಾಮನಾಥಪುರದಲ್ಲಿ ನನ್ನ ಸೋದರತ್ತೆ ಇದ್ದಾರೆ, ಅಪ್ಪನ ಅಕ್ಕ. ಹೊಗೆಸೊಪ್ಪಿನ ಸಸಿ ಮಾಡುವುದರಲ್ಲಿ ಎತ್ತಿದ ಕೈ. ಅವರ ಹಿತ್ತಲಿನಲ್ಲಿ ಒಂದು ಬದನೆ ಇತ್ತು. ಕೋಳಿಮೊಟ್ಟೆಯ ಗಾತ್ರ, ತಿಳಿಹಸಿರು, ಮೈಮೇಲೆ ಬಿಳಿ ಗೆರೆ. ಅತ್ತೆ ಸೊಸೆಯಾಗಿ ಆ ಮನೆಗೆ ಬಂದಾಗ ಅವರ ಅತ್ತೆ ಕೈಗಿಟ್ಟ ಬೀಜವಂತೆ. ಎಣ್ಣೆಗಾಯಿ ಮಾಡಿದರೆ ಪಕ್ಕದಲ್ಲಿ ಬೇರೆ ಪಲ್ಯವೇ ಬೇಡ. ಹಾಸನದ ಮಾರುಕಟ್ಟೆಯಲ್ಲಾಗಲಿ, ಹೊಳೆನರಸೀಪುರದ ಸಂತೆಯಲ್ಲಾಗಲಿ ಆ ಕಾಯನ್ನು ನಾನು ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ ಅತ್ತೆಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಗಾಬರಿಪಡುವಂಥದ್ದೇನಲ್ಲ ಎಂದು ಡಾಕ್ಟರು ಹೇಳಿದ್ದರಿಂದ ನಾವೆಲ್ಲ ಹಾಗೆಯೇ ಅಂದುಕೊಂಡಿದ್ದೆವು. ಮೈಸೂರಿಗೆ ಹೊರಡುವ ಹಿಂದಿನ ದಿನ ನೋಡಲು ಹೋದಾಗ ಬಟ್ಟೆಯ ಪುಟ್ಟ ಗಂಟೊಂದನ್ನು ನನ್ನ ಕೈಯಲ್ಲಿಟ್ಟರು.

“ಇಷ್ಟೇ ಉಳ್ದಿರಾದು ಕಣವ್ವ. ಬೀಜಕ್ಕೆ ಅಂತ ಬುಟ್ಟಿದ್ ಕಾಯ್ನೆಲ್ಲಾ ಕೋತಿಗಳು ತಿಂದಾಕ್ಬುಟ್ವು. ನೀನು ಸಸಿ ಮಾಡ್ಕೊಡು, ನಾನು ವಾಪಸ್ ಬಂದು ನೆಟ್ಕತೀನಿ.”

ನನಗೇ ಏಕೆ? ತಪ್ಪು ನನ್ನದೇ. ಆ ವರ್ಷ ಮೂರು ಪಾಟಿನಲ್ಲಿ ಕೊತ್ತಂಬರಿ ಬೆಳೆದಿದ್ದೆ. ಅದರ ಫೋಟೋ ನೋಡದ ನೆಂಟರು ಅರಕಲಗೂಡಿನಿಂದ ಹಾಸನದವರೆಗೆ ಯಾರೂ ಉಳಿದಿರಲಿಲ್ಲ. ಮನೆತನದ ತೋಟಗಾರ್ತಿ ಎಂಬ ಪಟ್ಟ ನಾನಾಗಿಯೇ ಕಟ್ಟಿಕೊಂಡದ್ದು.

ಹಾಸನದ ಮನೆಗೆ ಬಂದವಳೇ ಗಂಟು ಬಿಚ್ಚಿ, ಇದ್ದಬದ್ದ ಬೀಜವನ್ನೆಲ್ಲ ಒಂದೇ ಟ್ರೇಗೆ ಹಾಕಿದೆ. ನಾಲ್ಕು ಕಾಳನ್ನಾದರೂ ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ. ಹಾಸನದ ಜನವರಿ ಚಳಿ ನಿಮಗೆ ಹೇಳಬೇಕಿಲ್ಲವಷ್ಟೆ. ನಾನು ಹೆತ್ತಾಗ ಅರಕಲಗೂಡಿನ ತವರಿನಲ್ಲಿ ಅಮ್ಮ ಕಿಟಕಿಗೆ ಕಂಬಳಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ನನ್ನನ್ನೂ ಮಗುವನ್ನೂ ಕತ್ತಲ ಕೋಣೆಯಲ್ಲಿ ಬೆಚ್ಚಗೆ ಕೂರಿಸಿದ್ದಳು. ಎಳೆಯ ಜೀವವನ್ನು ಕಾಪಾಡುವ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಚಿಕ್ಕ ಕೋಣೆಯ ಕಿಟಕಿ ಮುಚ್ಚಿದೆ, ಟ್ರೇ ಸುತ್ತ ಹಳೆಯ ಪಂಚೆ ಸುತ್ತಿದೆ, ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರು ಚಿಮುಕಿಸಿದೆ. ನೀವು ನಗುತ್ತಿದ್ದೀರಿ. ನಗಿ.

ಮೊಳಕೆ ಬಂತು. ಬಂದದ್ದೇ ಬಂದದ್ದು, ಒಂದೇ ವಾರದಲ್ಲಿ ಬೆರಳುದ್ದ! ನನ್ನ ಕೈಗುಣಕ್ಕೆ ನಾನೇ ಬೆರಗಾದೆ. ದಂಟು ದಾರದಷ್ಟು ಸಣ್ಣಗೆ, ಬೆಳ್ಳಗೆ ಇತ್ತು. ತುದಿಯಲ್ಲಿ ಎರಡೇ ಎಲೆ. ಮೊಳೆತ ಒಂಬತ್ತನೆಯ ದಿನ ಆರು ಸಸಿ ಅಡ್ಡಬಿದ್ದಿದ್ದವು. ಹತ್ತನೆಯ ದಿನ ಇನ್ನೂ ಎಂಟು. ಊದುಕಡ್ಡಿ ನೆಟ್ಟು ದಾರ ಕಟ್ಟಿದೆ, ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಫೀಸಿನಲ್ಲಿ ಫೈಲು ಬಿಡಿಸಿದರೂ ಬಿದ್ದ ದಂಟುಗಳೇ ಕಣ್ಣಿಗೆ ಬರುತ್ತಿದ್ದವು. ಒಂದು ಮನೆಯ ಬೀಜ ನನ್ನಿಂದ ನಿರ್ವಂಶವಾಗುತ್ತಿದೆ ಎಂಬ ಭಯ, ನಿಜವಾದ ಭಯ ಹಿಡಿದುಕೊಂಡಿತು.

ಆ ಸಂಜೆಯೇ ಆಸ್ಪತ್ರೆಯಿಂದ ಅತ್ತೆಯ ಫೋನು. ಟೆಸ್ಟುಗಳೆಂದು ಮುಂದಕ್ಕೆ ಹೋಗುತ್ತಿದ್ದ ಆಪರೇಷನ್ ಕೊನೆಗೂ ಮುಗಿದಿತ್ತು, ದನಿ ಸೋತಿತ್ತು.

“ಸಸಿ ಎಂಗವೆ ಕಣವ್ವ?”

ಸತ್ತ ಸಸಿಗಳ ಮಾತನ್ನು ನುಂಗಿಕೊಂಡು, ಇದ್ದ ಒಂದೇ ಶುಭ ಸುದ್ದಿ ಹೇಳಿದೆ. “ಚೆನ್ನಾಗಿ ಎತ್ತರ ಬಂದಿವೆ ಅತ್ತೆ. ಬೆರಳುದ್ದ ಇವೆ.”

ಆ ಸೋತ ದನಿಯೇ ಗದರಿತು. “ಇಷ್ಟ್ ಬೇಗ ಬೆರಳುದ್ದಾನಾ? ಎಲ್ಲಿ ಮಡಗಿದ್ದೀಯೇ ಅವ್ನ?”

ಹೇಳಿದೆ. ಕಿಟಕಿ, ಪಂಚೆ, ಬಿಸಿನೀರು, ಎಲ್ಲವನ್ನೂ.

“ಅಯ್ಯೋ ನಿನ್ನ! ಬಾಣಂತನ ಮಾಡ್ತಿದ್ದೀಯಲ್ಲೇ! ಬೆಳಕಿಲ್ದೆ ಕತ್ತು ಚಾಚ್ತಾ ಅವೆ ಕಣೇ ಅವು. ಎತ್ಕೊಂಡೋಗಿ ಆಚೆ ಮಡಗು. ಒಂದೇ ದಿನ ಬಿಸ್ಲಿಗೆ ಬುಡ್ಬ್ಯಾಡ, ದಿನಾ ಒಂದೊಂದ್ ಗಂಟೆ ಜಾಸ್ತಿ ಮಾಡು. ಎಲೆ ಕೆಳಗಿರೋ ದಂಟ್ನೆಲ್ಲಾ ಮಣ್ಣಲ್ಲಿ ಊಳು. ಬೆಳಗಾದ್ರೆ ಮ್ಯಾಲ್ಮ್ಯಾಲೆ ಅಂಗೈ ಆಡ್ಸು, ಗಾಳಿ ಆಡ್ದಂಗೆ. ಎಲೆ ಜೋಲೋ ಗಂಟ ನೀರು ಆಕ್ಬ್ಯಾಡ. ವಗೆಸೊಪ್ಪಿನ್ ಸಸೀನ ನಾವು ಅಂಗೇ ಗಟ್ಟಿ ಮಾಡಾದು.”

ಉಳಿದಿದ್ದ ಹನ್ನೊಂದು ಸಸಿಗಳನ್ನು ಪೇಪರ್ ಲೋಟಗಳಿಗೆ ಬದಲಿಸಿ, ಎಲೆಯವರೆಗೆ ಮಣ್ಣು ತುಂಬಿ ಆಚೆ ಇಟ್ಟೆ. ಎಲ್ಲಕ್ಕಿಂತ ಕಷ್ಟವಾದದ್ದು ನೀರು ಹಾಕದಿರುವುದು. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವವರು ನಾವು. ಮಧ್ಯಾಹ್ನ ಆ ಪುಟ್ಟ ಎಲೆಗಳು ಜೋತು ಬಿದ್ದಿದ್ದರೆ ಚೆಂಬು ಹಿಡಿದು ಪಕ್ಕದಲ್ಲಿ ಕೂತು, ಹಾಕಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ನಮ್ಮ ಯಜಮಾನರು ಒಂದು ದಿನ, “ಅವಕ್ಕೆ ಬೇಡದಿದ್ರೆ ಆ ನೀರಲ್ಲಿ ನನಗೊಂದು ಲೋಟ ಕಾಫಿಯಾದ್ರೂ ಮಾಡಬಹುದಲ್ವಾ?” ಎಂದು ಕೇಳಿದರು. ಅವರ ಮೇಲೆ ಹರಿಹಾಯ್ದೆ, ಆಮೇಲೆ ಅತ್ತೇಬಿಟ್ಟೆ.

ಮೂರು ಬದುಕಿದವು. ಮೋಟು ಸಸಿಗಳು, ದಂಟು ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಮಡಿಲಲ್ಲಿಟ್ಟುಕೊಂಡು ರಾಮನಾಥಪುರದ ಬಸ್ಸು ಹತ್ತಿದೆ. ಅತ್ತೆಯೆದುರು ನಿಂತು, ಬೀಜವನ್ನೆಲ್ಲ ಒಟ್ಟಿಗೇ ಹಾಕಿಬಿಟ್ಟಿದ್ದನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿ, “ಬಾ, ಗುಂಡಿ ತೆಗಿ, ನಾನು ಬಗ್ಗಂಗಿಲ್ಲ” ಎಂದರಷ್ಟೇ. ಆ ವರ್ಷ ಎರಡು ಗಿಡ ಕಾಯಿ ಬಿಟ್ಟವು. ಬೀಜದಲ್ಲಿ ಒಂದು ಪಾಲನ್ನು ಅತ್ತೆ ನನಗೂ ಕಟ್ಟಿಕೊಟ್ಟರು. ಅಂದಿನಿಂದ ಪ್ರತಿ ವರ್ಷ ಸಸಿ ಮಾಡುತ್ತೇನೆ, ಪ್ರತಿ ವರ್ಷ ಹೆದರುತ್ತೇನೆ.

ನಿನ್ನೆ ಅತ್ತೆ ಮತ್ತೆ ಫೋನ್ ಮಾಡಿದ್ದರು. ಈ ಸಲದ ಮಳೆಗೆ ಅವರ ಮನೆಯ ಬೀಜಕ್ಕೆಲ್ಲ ಬೂಷ್ಟು ಹಿಡಿದಿದೆಯಂತೆ.

“ನಿನ್ ತಾವ ಅವಾ?”

“ಇವೆ ಅತ್ತೆ. ಅರ್ಧ ಕಳಿಸ್ತೀನಿ.” ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಬೀಜ ಯಾರದು, ಅರ್ಧ ಎನ್ನಲು ನಾನ್ಯಾರು?

“ಪೂರ್ತಿ ಕೊಟ್ಟಿದ್ರೆ ಬೈತಿದ್ದೆ ಕಣೇ” ಎಂದರು ಅತ್ತೆ. “ಇರಾದ್ನೆಲ್ಲಾ ಯಾವತ್ತೂ ಒಬ್ರ ಕೈಗೇ ಆಕ್ಬಾರ್ದು.”

ಧೈರ್ಯ ಬಂದು ಕೇಳಿದೆ. “ಮತ್ತೆ ಅವತ್ತು ನೀವು ಪೂರ್ತಿ ನನ್ನ ಕೈಗೇ ಕೊಟ್ರಲ್ಲ?”



“ಅವತ್ತು ವಾಪಸ್ ಬತ್ತೀನಿ ಅಂತ ನಾನು ಎಲ್ಲವ್ವ ಅನ್ಕಂಡಿದ್ದೆ?”