ಕೊಕ್ಕರೆ ಕಂಪನಿಯ ಕೆಟ್ಟ ಸಿನಿಮಾ

ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಮಾರ್ಕರ್ ಪೆನ್ನಿನ ಗೆರೆ ಅದು. ಅಂಗಡಿಗೆ ಹೊಸ ಸೀಡಿ ಬಂದರೆ ಅದರ ಮೇಲೆ ನಂಬರು ಬರೆಯುವ ಮೊದಲು, ಪೆನ್ನು ಒಣಗಿದೆಯೋ ಇಲ್ಲವೋ ಎಂದು ಉಗುರಿನ ಮೇಲೆ ಒಮ್ಮೆ ಎಳೆದು ನೋಡುವುದು ಅವರ ರೂಢಿ. ಕಾಗದದ ಮೇಲೆ ನೋಡಬಾರದೇ ಎಂದು ಕೇಳಿದರೆ, "ಕಾಗದಾ ಎಲ್ಲೆರ ಇಟ್ಟು ಮರೀತೇನಿ. ಉಗರು ಎಲ್ಲಿ ಹೋಗ್ತೈತಿ?" ಎನ್ನುತ್ತಿದ್ದರು. ಒಂದು ಗೆರೆ ಮಾಸುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು.

ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೊನೆಗೆ ಹೇಳುತ್ತಿದ್ದರು, ನಾನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೊಂದು ಕಾರಣವಿದೆ, ಆ ಕಾರಣವೂ ಅವರಿಂದಲೇ ಬಂದದ್ದು. ಅವರ ಸೊಸೆ ಫೋನು ಮಾಡಿದಾಗ ನಾನು ಹಾನಗಲ್ಲಿನಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ಸಿಕ್ಕ ಬಸ್ಸು ಹಿಡಿದು ಸವಣೂರಿಗೆ ಹೋಗುವಷ್ಟರಲ್ಲಿ ಗಂಡಸರು ಅವರನ್ನು ಹೊತ್ತುಕೊಂಡು ಹೋಗಿಬಿಟ್ಟಿದ್ದರು. ಚಾಚಿಯ ಪಕ್ಕ ಚಾಪೆಯ ಮೇಲೆ ಕುಳಿತೆ. ಚಾಚಿ ನನ್ನ ಕೈ ಹಿಡಿದು, "ಇನ್ನ ಯಾರ ಜೋಡಿ ಜಗಳಾಡ್ತಿ, ಬೇಟಿ?" ಎಂದರು.

ನಮ್ಮ ಜಗಳ ಹೊಲ ಮನೆಯದಲ್ಲ, ಜಾತಿ ಧರ್ಮದ್ದಲ್ಲ. ಒಂದು ಕಾರ್ಟೂನು ಸಿನಿಮಾದ್ದು. ಹೇಳಿದರೆ ಜನ ನಗುತ್ತಾರೆ, ನಗಲಿ.

ಸವಣೂರು ಬಸ್ ಸ್ಟ್ಯಾಂಡಿನ ಹತ್ತಿರ ಚಾಚಾ ಅವರದು ಸೀಡಿ ಬಾಡಿಗೆಯ ಅಂಗಡಿ. ಹಿಂದೆಯೇ ಮನೆ. ಮದುವೆ ಫೈಟು ಹಾಡುಗಳ ಸಿನಿಮಾಗಳು ಎದುರಿನ ಗೋಡೆಗೆ. ತಲೆಯ ಮೇಲಿನ ಒಂದು ಸಣ್ಣ ಹಲಗೆಯ ಮೇಲೆ ಮಾತ್ರ ದೂರದೇಶದ ಒಂದು ಸ್ಟುಡಿಯೊದ ಹನ್ನೊಂದು ಸಿನಿಮಾಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಕೈಯಲ್ಲೇ ಬಿಡಿಸಿದ ಚಿತ್ರಗಳವು. ಆ ಸ್ಟುಡಿಯೊದ ಹೆಸರಿಗೆ ಚಾಚಾ ಅವರ ನಾಲಿಗೆ ಹೊರಳುತ್ತಿರಲಿಲ್ಲ. ಸಿನಿಮಾ ಶುರುವಾಗುವಾಗ ಪರದೆಯ ಮೇಲೆ ಒಂದು ಕೊಕ್ಕರೆ ಹಾರಿ ಹೋಗುತ್ತಿದ್ದುದರಿಂದ, ನಾಟಕ ಕಂಪನಿಗೆ ಅಂದಂತೆ, 'ಕೊಕ್ಕರಿ ಕಂಪ್ನಿ' ಎಂದೇ ಕರೆಯುತ್ತಿದ್ದರು. ಭಾಷೆ ಅವರಿಗೂ ತಿಳಿಯುತ್ತಿರಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದುವಷ್ಟು ಪುರುಸೊತ್ತು ಅವರ ಕಣ್ಣಿಗಿರಲಿಲ್ಲ. "ಮಳಿ ಹೆಂಗ ಬೀಳ್ತೈತಿ, ಮುದುಕಿ ಹೆಂಗ ಏಳ್ತಾಳ, ಅದನ್ನ ನೋಡು. ಮಾತು ಕಟಗೊಂಡು ಏನ್ ಮಾಡ್ತಿ?" ಎನ್ನುವರು.

ಹನ್ನೊಂದನ್ನೂ ಅವರು ಯೋಗ್ಯತೆಯ ಪ್ರಕಾರ ನಿಲ್ಲಿಸಿದ್ದರು. ಬಲತುದಿಗೆ ಎಲ್ಲಕ್ಕಿಂತ ಒಳ್ಳೆಯದು, ಎಡತುದಿಗೆ ಎಲ್ಲಕ್ಕಿಂತ ಕೆಟ್ಟದ್ದು. ಹೊಸಬರು ಯಾರಾದರೂ ಆ ಹಲಗೆಯ ಕಡೆ ಕಣ್ಣು ಹಾಯಿಸಿದರೆ ಎಡತುದಿಯದನ್ನೇ ಕೊಡುತ್ತಿದ್ದರು. ಅಂಗಡಿಕಾರ ಯಾರಾದರೂ ಹೀಗೆ ಮಾಡುತ್ತಾನೆಯೇ? ಅವರ ವಾದ ಬೇರೆ. "ಮೊದಲ ಚಲೋದು ಕೊಟ್ರ ಉಳದದ್ದೆಲ್ಲಾ ಸಪ್ಪಗ ಅನಸ್ತಾವು. ಕೆಟ್ಟದ್ದು ನೋಡಿನೂ ತಿರುಗಿ ಬಂದಾಂವ ಖರೇ ಗಿರಾಕಿ."

ನನಗೂ ಎಡತುದಿಯದನ್ನೇ ಕೊಟ್ಟರು. ಆಗ ನಾನು ಬಿ.ಎ. ಮೊದಲ ವರ್ಷ, ಯಲವಿಗಿಯಿಂದ ದಿನಾ ಬಸ್ಸಿನಲ್ಲಿ ಸವಣೂರಿಗೆ ಓಡಾಡುತ್ತಿದ್ದೆ. ಅವ್ವ ಸತ್ತು ಎರಡು ತಿಂಗಳಾಗಿತ್ತು. ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಅವ್ವನ ಹೆಸರು ಎತ್ತುತ್ತಿರಲಿಲ್ಲ, ನನಗೂ ಎತ್ತಲು ಧೈರ್ಯವಿರಲಿಲ್ಲ. ಇಬ್ಬರೂ ಅಕ್ಕಪಕ್ಕದ ಮನೆಯವರ ಹಾಗೆ ಅಷ್ಟಕ್ಕಷ್ಟೇ ಮಾತಾಡಿಕೊಂಡು ದಿನ ನೂಕುತ್ತಿದ್ದೆವು.

ಸಿನಿಮಾ ಎರಡು ಸೀಡಿಗಳಲ್ಲಿತ್ತು. ಒಂದರ ಮೇಲೆ ಚಾಚಾ ಅವರ ಕೈಬರಹದಲ್ಲಿ ದಪ್ಪಗೆ ೧, ಇನ್ನೊಂದರ ಮೇಲೆ ೨. ಭಾನುವಾರ ಮಧ್ಯಾಹ್ನ ಒಂದನೆಯದು ಹಾಕಿದೆ. ಹೊಳೆದಂಡೆಯ ಒಂದು ಮನೆಯಲ್ಲಿ ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದಾಳೆ. ಮೊಮ್ಮಗಳು ನೋಡಿಕೊಳ್ಳುತ್ತಾಳೆ. ಮುದುಕಿ ಸಾಯುತ್ತಾಳೆ. ಹುಡುಗಿ ಮನೆಗೆ ಬೀಗ ಹಾಕಿ, ದೋಣಿ ಹತ್ತಿ, ಒಬ್ಬಳೇ ಹೊರಟುಹೋಗುತ್ತಾಳೆ. ಆಮೇಲೆ ಸಿನಿಮಾ ಮಾಡಿದವರ ಹೆಸರುಗಳು ಬಂದವು. ಎದ್ದು ಎರಡನೆಯದು ಹಾಕಿದೆ. ಕೊಕ್ಕರೆ ಹಾರಿತು. ಅದೇ ಹುಡುಗಿ ದೋಣಿಯಿಂದ ಇಳಿಯುತ್ತಾಳೆ, ದಂಡೆಯ ಮೇಲೆ ಅದೇ ಮುದುಕಿ ಕೊಡೆ ಹಿಡಿದು ಕಾಯುತ್ತಾ ನಿಂತಿದ್ದಾಳೆ. ಇಬ್ಬರೂ ಮೀನು ಹಿಡಿಯುತ್ತಾರೆ, ಸಣ್ಣದಕ್ಕೆಲ್ಲ ಜಗಳಾಡುತ್ತಾರೆ. ಕೊನೆಗೆ ಮುದುಕಿ ಹುಡುಗಿಯ ಬಟ್ಟಲಿಗೆ ಹೊಗೆಯಾಡುವ ಅನ್ನವನ್ನು ಮತ್ತೊಂದು ಸಲ ಬಡಿಸುತ್ತಾಳೆ, ಹುಡುಗಿ ಬೇಡ ಬೇಡ ಎಂದು ಕೈ ಅಡ್ಡ ಹಿಡಿಯುತ್ತಾಳೆ, ಇಬ್ಬರೂ ನಗುತ್ತಾರೆ. ಅಷ್ಟಕ್ಕೇ ಪರದೆ ಕಪ್ಪಾಯಿತು.

ಬಾಗಿಲ ಹತ್ತಿರ ಕುಳಿತಿದ್ದ ಅಪ್ಪ, "ನಿಮ್ಮವ್ವನೂ ಹಿಂಗ. ಬ್ಯಾಡ ಅಂದ್ರ ಮತ್ತೊಂದು ರೊಟ್ಟಿ ಹಾಕಾಕಿ," ಎಂದರು. ಎರಡು ತಿಂಗಳಲ್ಲಿ ಮೊದಲ ಸಲ ಅವ್ವ ನಮ್ಮ ಮನೆಯೊಳಗೆ ಬಂದಳು. ಅಪ್ಪ ಹೇಳುತ್ತಾ ಹೋದರು, ನಾನು ಕೇಳುತ್ತಾ ಕುಳಿತೆ. ಸಂಜೆ ಇಬ್ಬರೂ ಸೇರಿ ರೊಟ್ಟಿ ಬಡಿದೆವು.

ಸೀಡಿ ಮರಳಿ ಕೊಡಲು ಹೋದಾಗ ಚಾಚಾ, "ಹೆಂಗಿತ್ತು?" ಎಂದರು.

"ಇದಕ್ಕಿಂತ ಚಲೋ ಸಿನಿಮಾ ಇರಾಕ ಸಾಧ್ಯನ ಇಲ್ರಿ," ಎಂದೆ.

ಚಾಚಾ ಕೆಮ್ಮು ಬರುವವರೆಗೂ ನಕ್ಕರು. "ಅದು ಕಂಪ್ನಿದಾಗ ಎಲ್ಲಾಕ್ಕಿಂತ ಕೆಟ್ಟದ್ದು, ಬೇಟಿ. ಅದಕ್ಕ ನಿನಗ ಮೊದಲ ಕೊಟ್ಟೆ."

ನನಗೆ ಮೈಯೆಲ್ಲಾ ಉರಿದುಹೋಯಿತು. ಯಾಕೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಬದಲಿಗೆ ವಾದಕ್ಕೆ ನಿಂತೆ. ಆ ವಾದ ನನ್ನ ಬಿ.ಎ. ಮುಗಿದರೂ ಮುಗಿಯಲಿಲ್ಲ, ಬಿ.ಎಡ್. ಮುಗಿದರೂ ಮುಗಿಯಲಿಲ್ಲ.

ಚಾಚಾ ಅವರ ಆಕ್ಷೇಪಣೆಗಳು ಎಂದೂ ಬದಲಾಗುತ್ತಿರಲಿಲ್ಲ. ಒಂದು, ಶುರುವಿಗೇ ಮುದುಕಿ ಸಾಯುತ್ತಾಳೆ, ಆಕೆ ಯಾರೆಂದೇ ನಮಗೆ ಗೊತ್ತಿಲ್ಲ, ಅಳುವುದು ಯಾರಿಗಾಗಿ? ಎರಡು, ಹೆಸರುಗಳನ್ನು ನಡುವೆ ಹಾಕಿದ್ದಾರೆ. "ಇಂಟರ್‌ವಲ್‌ದಾಗ ಹೆಸರು ಹಾಕೂ ಸಿನಿಮಾ ಎಲ್ಲೆರ ನೋಡೀಯೇನು? ತೂಕಡಿಸ್ಕೋತ ಮಾಡ್ಯಾರ." ಮೂರು, ಊಟಕ್ಕೆ ಬಡಿಸುತ್ತಿರುವಾಗಲೇ ಸಿನಿಮಾ ನಿಂತುಬಿಡುತ್ತದೆ. "ಉಣ್ಣಾಕ ಕುಂತಾರನ್ನ ಅರ್ಧಕ್ಕ ಎಬ್ಬಿಸಿ ಕಳಸ್ತಾರೇನವಾ ಯಾರರ?"

ನಾನೇನು ಕಡಿಮೆಯೇ? ಕಲಿತವಳು. ಸಾವು ಮೊದಲು, ಬದುಕು ಆಮೇಲೆ, ಅದೇ ಈ ಸಿನಿಮಾದ ಧೈರ್ಯ ಎಂದೆ. ಹೆಸರುಗಳನ್ನು ನಡುವೆ ತಂದದ್ದು ಸಾವಿಗೂ ನೆನಪಿಗೂ ನಡುವೆ ಎಳೆದ ಗೆರೆ ಎಂದೆ. ಒಮ್ಮೆ ಶಿಕ್ಷಕರ ತರಬೇತಿಯಲ್ಲಿ ಇದೇ ವಿಷಯದ ಮೇಲೆ ಅರ್ಧ ಗಂಟೆ ಭಾಷಣ ಹೊಡೆದು ಚಪ್ಪಾಳೆಯನ್ನೂ ಗಿಟ್ಟಿಸಿದೆ. ಅದನ್ನು ಫೋನಿನಲ್ಲಿ ಹೇಳಿದರೆ ಚಾಚಾ, "ಚಪ್ಪಾಳಿ ಹೊಡದಾರು ಸಿನಿಮಾ ನೋಡ್ಯಾರೇನು?" ಎಂದು ಕೇಳಿದರು. ನನ್ನ ಮದುವೆಗೆ ಗಂಡನ ಊರು ತಿಳವಳ್ಳಿಗೆ ಬಂದ ಚಾಚಾ ಅಕ್ಷತೆ ಹಾಕಿ, ಊಟ ಮಾಡಿ, ಹೊರಡುವಾಗ ನನ್ನ ಗಂಡನ ಎದುರಿಗೇ, "ಎಲ್ಲಾ ಚಲೋ ಆತು. ಸಿನಿಮಾ ಮಾತ್ರ ಕೆಟ್ಟದ್ದ," ಎಂದು ಹೇಳಿ ಹೋದರು. ಇದ್ಯಾವ ಸಿನಿಮಾ ಎಂದು ನನ್ನ ಗಂಡನಿಗೆ ತಿಳಿಸಿ ಹೇಳಲು ಒಂದು ವಾರ ಹಿಡಿಯಿತು.

ಆದರೆ ಹೊರಗಿನವರು ಆ ಸಿನಿಮಾವನ್ನು ಬೈದರೆ ಚಾಚಾ ಅವರಿಗೆ ಸೇರುತ್ತಿರಲಿಲ್ಲ. ಶಿಗ್ಗಾಂವಿಯಿಂದ ಬರುತ್ತಿದ್ದ ಒಬ್ಬ ಕಂಪೌಂಡರು ಕೊಕ್ಕರೆ ಕಂಪನಿಯ ಇನ್ನೊಬ್ಬ ಖರೇ ಗಿರಾಕಿ. ಅವರು ಒಮ್ಮೆ ಸೇವು ಶೇಂಗಾದ ಖಾರ ಮೆಲ್ಲುತ್ತಾ, "ಅಷ್ಟ ಕೆಟ್ಟದ್ದಿದ್ರ ಹಲಗಿ ಮ್ಯಾಲಿಂದ ತಗದ ಬಿಡ್ರಲಾ," ಎಂದರು. ಚಾಚಾ ಮುಖ ಕೆಂಪಗೆ ಮಾಡಿದರು. "ಹನ್ನೊಂದು ಮಕ್ಕಳೊಳಗ ಒಂದು ಮಂದ ಇದ್ರ ಮನಿ ಬಿಟ್ಟು ಹಾಕ್ತೀರೇನು?" ಕಂಪೌಂಡರು ಖಾರದ ಪೊಟ್ಟಣ ಅವರ ಕಡೆ ಸರಿಸಿದರು. ಆ ಸಿನಿಮಾಕ್ಕೆ ಅನ್ಯಾಯವಾಗಬಾರದು ಎಂದು ಚಾಚಾ ವರ್ಷಕ್ಕೊಮ್ಮೆ, ರಮಜಾನ್ ಮುಗಿದ ಮೇಲೆ, ಅದನ್ನು ಹೊಸದಾಗಿ ನೋಡುತ್ತಿದ್ದರು. ನೋಡಿ, ಮತ್ತೆ ಎಡತುದಿಗೇ ಇಡುತ್ತಿದ್ದರು.

ಸೀಡಿಗಳ ಕಾಲ ಮುಗಿಯಿತು. ಅಂಗಡಿಯಲ್ಲಿ ಮೊಬೈಲು ಕವರು, ಚಾರ್ಜರು ಬಂದವು. ಸೀಡಿ ಹಾಕುವ ಮಷಿನ್ನು ಕೆಟ್ಟು ಅಟ್ಟಕ್ಕೆ ಹೋಯಿತು. ಚಾಚಾ ಅವರ ಮೊಣಕಾಲು ಸೋತವು. ವ್ಯಾಪಾರ ಸೊಸೆಗೆ ವಹಿಸಿ ಪಡಸಾಲೆಯ ಮಂಚ ಹಿಡಿದರು, ಆ ಹನ್ನೊಂದನ್ನು ಮಾತ್ರ ತಲೆದೆಸೆಯ ಗೂಡಿನಲ್ಲಿ ಇಡಿಸಿಕೊಂಡರು. ಹೋದ ವರ್ಷ ನನ್ನ ಮೊಬೈಲಿನಲ್ಲಿ ಏನೋ ಹುಡುಕುವಾಗ ಆ ಸಿನಿಮಾ ಸಿಕ್ಕಿಬಿಟ್ಟಿತು. ಈ ಸಲ ಒಪ್ಪಿಸಿಯೇ ಬರುತ್ತೇನೆ ಎಂದು ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಸವಣೂರಿಗೆ ಹೋದೆ.

ಮೊಬೈಲನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದೆ. ಕೊಕ್ಕರೆ ಹಾರಿತು. ಹುಡುಗಿ ದೋಣಿಯಿಂದ ಇಳಿದಳು, ಮುದುಕಿ ಕೊಡೆ ಹಿಡಿದು ನಿಂತಿದ್ದಳು.

"ಇದು ಎರಡನೇದು. ಒಂದನೇದು ಹಚ್ಚು," ಎಂದರು ಚಾಚಾ.

ಹಿಂದಕ್ಕೆ ಸರಿಸಿ ನೋಡಿದೆ. ಅದಕ್ಕಿಂತ ಹಿಂದೆ ಏನೂ ಇರಲಿಲ್ಲ. "ಶುರುನ ಇದ ಐತ್ರಿ," ಎಂದೆ.

"ಮೊಬೈಲು ತಪ್ಪು ತೋರಸಾಕತ್ತೈತಿ."

ನನಗೂ ಹಾಗೆಯೇ ಅನ್ನಿಸಿತು. ಗೂಡಿನಿಂದ ಎರಡೂ ಸೀಡಿ ಇಳಿಸಿ, ಅವುಗಳ ಮೇಲೆ ಅಚ್ಚಾಗಿದ್ದ ಆ ದೇಶದ ಅಕ್ಷರಗಳಿಗೆ ಮೊಬೈಲಿನ ಕ್ಯಾಮೆರಾ ಹಿಡಿದೆ. ಈಗಿನ ಮೊಬೈಲುಗಳು ಯಾವ ಅಕ್ಷರವನ್ನಾದರೂ ಓದಿ ಹೇಳುತ್ತವಲ್ಲ. ಚಾಚಾ ೧ ಎಂದು ಬರೆದಿದ್ದ ಸೀಡಿಯ ಮೇಲೆ 'ಎರಡನೆಯ ಭಾಗ' ಎಂದಿತ್ತು. ೨ರ ಮೇಲೆ 'ಮೊದಲನೆಯ ಭಾಗ'.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಷ್ಟು ವರ್ಷ ಚಾಚಾ ಬೈದದ್ದು ಸಿನಿಮಾಕ್ಕಲ್ಲ, ತಾವೇ ಬರೆದ ನಂಬರಿಗೆ. ನಾನು ಹೊಗಳಿ ಭಾಷಣ ಮಾಡಿದ್ದು ಕೂಡ ಅದಕ್ಕೇ. ಆ ಚಪ್ಪಾಳೆ ನೆನಪಾಗಿ ನಾಚಿಕೆಯಿಂದ ನೆಲ ನೋಡುತ್ತಾ ಕುಳಿತೆ.

"ಓದಾಕ ಬರಲಿಲ್ಲ. ಅಂದಾಜಿನ ಮ್ಯಾಲ ಬರದೆ," ಎಂದರು ಚಾಚಾ. ಆಮೇಲೆ, "ಹಚ್ಚು, ನೋಡೂಣು," ಎಂದರು.

ನೋಡಿದೆವು. ಬಡಿಸಿದ ಅನ್ನವನ್ನು ಹುಡುಗಿ ಉಂಡಳು. ಮುದುಕಿ ಹಾಸಿಗೆ ಹಿಡಿದಳು. ಕೊನೆಗೆ ಹುಡುಗಿ ಬೀಗ ಹಾಕಿ ದೋಣಿ ಹತ್ತಿದಾಗ ಚಾಚಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ತಪ್ಪಾತು, ಬೇಟಿ. ಭಾಳ ಚಲೋ ಸಿನಿಮಾ. ನೀ ಗೆದ್ದಿ." ಸೊಸೆಯನ್ನು ಕರೆದು ಮಾರ್ಕರು ತರಿಸಿದರು.

ನಾನು ಕಾದಿದ್ದು ಆ ಮಾತಿಗೇ. ಬಂದಾಗ ನನಗೆ ಬೇಡವಾಗಿತ್ತು. ಈ ಸಿನಿಮಾದಲ್ಲಿ ಮುದುಕಿ ಸತ್ತ ಮೇಲೆ ಏನೂ ಇರಲಿಲ್ಲ. ಬರೀ ನೀರು, ಹೆಸರುಗಳು, ಮುಗಿಯಿತು. "ಇದರಷ್ಟು ಕೆಟ್ಟ ಸಿನಿಮಾ ನಾ ನೋಡಿಲ್ರಿ," ಎಂದೆ. ಚಾಚಾ ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡರು. ಪೆನ್ನನ್ನು ಉಗುರಿನ ಮೇಲೆ ಎಳೆದು ನೋಡಿ, ೧ನ್ನು ಹೊಡೆದುಹಾಕಲು ಸೀಡಿ ಎತ್ತಿಕೊಂಡರು.

ನಾನು ಅವರ ಕೈ ಹಿಡಿದುಕೊಂಡೆ. "ಬ್ಯಾಡ್ರಿ ಚಾಚಾ. ಹಂಗ ಇರ್ಲಿ."

"ತಪ್ಪು ಬರದೇನವಾ. ತಪ್ಪು ಮಾಲು ಅಂಗಡ್ಯಾಗ ಇಡಬಾರ್ದು."

ಆಗ ಹೇಳಿದೆ. ಅವ್ವನ ವಿಷಯ, ಅಪ್ಪನ ಎರಡು ತಿಂಗಳ ಮೌನ, ಆ ಭಾನುವಾರದ ರೊಟ್ಟಿಯ ಮಾತು, ಎಲ್ಲಾ. ಚಾಚಾ ತಲೆ ತಗ್ಗಿಸಿ ಕೇಳಿದರು.

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಪಾಪ ಅಂತ ಒಪ್ಪಿಬಿಡ್ತಿದ್ರಿ. ಜಗಳ ಮುಗೀತಿತ್ತು."

"ಅದು ಖರೇ," ಎಂದರು. ಪೆನ್ನಿನ ಟೊಪ್ಪಿಗೆ ಹಾಕಿ ದಿಂಬಿನ ಕೆಳಗಿಟ್ಟರು. ಎರಡೂ ಸೀಡಿಗಳನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು. "ತಗೊಂಡು ಹೋಗು. ನಂಬರು ಹಂಗ ಇರ್ಲಿ. ಬ್ಯಾರೆ ಯಾರಿಗೂ ಕೊಡಬ್ಯಾಡ ಮತ್ತ, ಅಂಗಡಿ ಹೆಸರು ಕೆಡ್ತೈತಿ." ನಾನು ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕೂಗಿದರು. "ಆದ್ರೂ ಹೆಸರು ನಡುವ ಬರಬಾರ್ದು ನೋಡು." ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರ ಸಾವಿನ ಸುದ್ದಿಯನ್ನು ಮೊದಲೇ ಹೇಳಿದ್ದು ಇದಕ್ಕೇ. ಅವರು ಬರೆದ ನಂಬರಿನ ಪ್ರಕಾರ ಅದು ಒಂದನೆಯ ಸೀಡಿ. ಈಗ ಎರಡನೆಯದು ಹಾಕುತ್ತೇನೆ.

ಸವಣೂರಿನ ಬಸ್ ಸ್ಟ್ಯಾಂಡು, ಮಧ್ಯಾಹ್ನ. ಯಲವಿಗಿಯ ಬಸ್ಸು ತಪ್ಪಿದೆ. ಬಿ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಒಂದು ಅಂಗಡಿಯ ಮುಂದೆ ಬಿಸಿಲಿಗೆ ನಿಂತಿದ್ದಾಳೆ. ಎರಡು ತಿಂಗಳಿಂದ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ. ಒಳಗೆ ಒಬ್ಬರು ಹೆಬ್ಬೆರಳಿನ ಉಗುರಿನ ಮೇಲೆ ಪೆನ್ನು ಎಳೆದು ನೋಡುತ್ತಿದ್ದಾರೆ. ಗೆರೆ ಕಪ್ಪಗೆ ಮೂಡುತ್ತದೆ. ಅವರು ತಲೆ ಎತ್ತಿ ಅವಳನ್ನು ನೋಡುತ್ತಾರೆ, ಸ್ಟೂಲಿನ ಮೇಲಿನ ಸೀಡಿಗಳನ್ನು ಪಕ್ಕಕ್ಕೆ ಸರಿಸುತ್ತಾರೆ.

"ಬಿಸಲಾಗ ಯಾಕ ನಿಂತಿ, ಬೇಟಿ? ಬಸ್ಸು ಬರಾಕ ಇನ್ನ ತಡಾ ಐತಿ. ಒಳಗ ಬಾ, ಕುಂಡ್ರು."